ಕೆರೆಯೇರಿಯ ನೆರೆಹೊರೆ

1930ರಲ್ಲಿ ಜರ್ಮನಿಯಲ್ಲಿ ಪಕ್ಷಿಶಾಸ್ತ್ರದ ಅಭ್ಯಾಸವನ್ನು ಮುಗಿಸಿಕೊಂಡು ಮುಂಬಯಿಗೆ ಮರಳಿದ ಸಲೀಂ ಅಲಿಯವರಿಗೆ, ತಾವು ಹಿಂದೆ ಮಾಡುತ್ತಿದ್ದ ವಸ್ತುಸಂಗ್ರಹಾಲಯದ ಉದ್ಯೋಗವು ಹಣದ ಅಭಾವದಿಂದ ರದ್ದಾಗಿಹೋಗಿದೆಯೆಂಬ ಸಂಗತಿ ತಿಳಿಯಿತು. ಬೇರೆ ದಾರಿ ತೋರದೆ ಅವರು ಪತ್ನಿ ತೆಹಮೀನಾ ಅವರೊಡನೆ ಕೊಲ್ಲಿಯ ಆಚೆಯ ಕಿಹಿಮ್ ಎಂಬ ಕಡಲತೀರದ ಹಳ್ಳಿಗೆ ಹೋಗಿ ನೆಲೆಸಿದರು. ಅಲ್ಲಿ, ಮನೆಗೆ ಸಮೀಪದಲ್ಲಿಯೇ, ಮಳೆ ಹಿಡಿದೊಡನೆ ಗೀಜಗಗಳ ಹಿಂಡೊಂದು ಗೂಡು ನೇಯಲು ತೊಡಗಿತು. ಗೀಜಗವೇನು ಅಪೂರ್ವವಾದ ಹಕ್ಕಿಯೆ? ಅದರ ಗೂಡನ್ನು ತಂದು ತೊಟ್ಟಿಯ ತೊಲೆಗೆ ತೂಗುಹಾಕದ ಮನೆ ನಮ್ಮ ಹಳ್ಳಿಗಳಲ್ಲಿ ವಿರಳ; ಅದನ್ನು ಪಳಗಿಸಿ ಬೀದಿಯಲ್ಲಿ ಆಟವಾಡಿಸಿ ಹೊಟ್ಟೆ ಹೊರೆದವರೂ ಹಿಂದೆ ಇದ್ದರು. ಆದರೆ ಉದ್ಯೋಗವಿಲ್ಲದ ಆ ದಿನಗಳಲ್ಲಿ ಅದೇ ಮರದ ಕಡೆಗೆ ಮತ್ತೆ ಮತ್ತೆ ಕಣ್ಣಿಟ್ಟು ಕುಳಿತ ಆ ಮನುಷ್ಯನಿಗೆ ಮಾತ್ರ ಕಾಣಿಸಿದುದೇನೆಂದರೆ, ನೇಯುವುದು ಗಂಡೊಂದೇ. ಗೂಡು ಅರ್ಧವಾದಾಗ ಹೆಣ್ಣು ಬಂದು ಒಳಹೊಕ್ಕು ಪರೀಕ್ಷಿಸುತ್ತದೆ. ಒಪ್ಪಿತವಾದರೆ ಅಲ್ಲಿಯೇ ನಿಲ್ಲುತ್ತದೆ. ಆಗ ಗಂಡು ಉಳಿದ ಕೆಲಸವನ್ನು ಪೂರೈಸಿ, ಸ್ವಲ್ಪ ಕಾಲದಲ್ಲಿಯೇ ಸಮೀಪದಲ್ಲಿ ಇನ್ನೊಂದು ಗೂಡಿಗೆ ಕೈಹಚ್ಚಿ ಇನ್ನೊಬ್ಬಳ ದಾರಿ ಕಾಯುತ್ತದೆ. ಎಷ್ಟೋ ತಲೆಮಾರುಗಳಿಂದ ಈ ದೇಶದ ಜನರ ಕಣ್ಣೆದುರಿಗೇ ನಡೆಯುತ್ತಿದ್ದ ಈ ಸಂಸಾರದ ಕ್ರಮವನ್ನು ಹೀಗೆ ಆಮೂಲಾಗ್ರವಾಗಿ ಕಂಡು ಬರೆದಿಟ್ಟುದರಿಂದಲೇ ಅವರಿಗೆ ವಿದ್ವಲ್ಲೋಕದಲ್ಲಿ ಮೊದಲ ಪ್ರತಿಷ್ಠೆ ದೊರೆತದ್ದು.

ಮುಂದೆ 1939-40ರಲ್ಲಿ ಅವರು ಮೈಸೂರು ಸಂಸ್ಥಾನಕ್ಕೆ ಬಂದು ಇಲ್ಲಿನ ಪಕ್ಷಿಗಳ ಸಮೀಕ್ಷೆಯನ್ನು ನಡೆಸಿದರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಗೂಡುಕಟ್ಟುತ್ತಿದ್ದ ಕೊಕ್ಕರೆಗಳನ್ನು ಕಂಡ ಅವರ ಪ್ರೇರಣೆಯಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ನಮ್ಮ ನಾಡು ಈ ಎರಡನೆಯ ವಿಷಯವನ್ನು ಚೆನ್ನಾಗಿ ನೆನಪಿಟ್ಟುಕೊಂಡಿದೆ; ರಜಾದಿನಗಳಲ್ಲಿ ರಂಗನತಿಟ್ಟಿನ ದೋಣಿಗಟ್ಟೆಯಲ್ಲಿ ನಿಲ್ಲುವುದಕ್ಕೂ ಸ್ಥಳವಿರುವುದಿಲ್ಲ. ಕಿಹಿಮಿನ ಮರದ ಪಾಠವನ್ನು ಮಾತ್ರ ನಾವು ಅಷ್ಟಾಗಿ ಮನಸ್ಸಿಗೆ ತಂದುಕೊಂಡಿಲ್ಲವೆಂದು ನನಗೆ ತೋರುತ್ತದೆ. ಪಕ್ಷಿವೀಕ್ಷಣೆಯೆಂದೊಡನೆ ದಾಂಡೇಲಿಗೋ ಬಂಡೀಪುರಕ್ಕೋ ಪಯಣದ ಏರ್ಪಾಡಾಗುತ್ತದೆ. ಅಲ್ಲಿ ಒಂದು ಬೆಳಗಿನಲ್ಲಿ ಕಂಡ ಹೊಸ ಹಕ್ಕಿಗಳ ಪಟ್ಟಿ ಉದ್ದವಾದಷ್ಟೂ ಸಂತೋಷ ಹೆಚ್ಚುತ್ತದೆ. ಆ ಸಂತೋಷವನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಒಮ್ಮೆ ಕಂಡ ಹಕ್ಕಿಯ ವಿಷಯದಲ್ಲಿ ನಮಗೆ ದೊರೆಯುವುದು ಅದರ ಬಣ್ಣ, ಆಕಾರ, ಹೆಸರು ಇಷ್ಟೇ. ಅದು ಬದುಕುವ ಬಗೆಯನ್ನು ಅರಿಯಬೇಕಾದರೆ ಅದೇ ಹಾದಿಯಲ್ಲಿ, ಅದೇ ಮರದ ಕೆಳಗೆ, ಋತು ಋತುವಿಗೂ ಹಾದುಹೋಗಬೇಕು. ಅಂತಹ ಸೌಕರ್ಯವು ಮನುಷ್ಯನಿಗೆ ಇರುವುದು ತನ್ನ ಮನೆಯ ಸುತ್ತಿನ ಹಾದಿಗಳಲ್ಲಿ ಮಾತ್ರವೇ.

ನನ್ನ ಪಾಲಿಗೆ ಆ ಹಾದಿಯೆಂದರೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬೇಸಾಯದ ನೀರಿಗಾಗಿ ಆದ ಈ ಕೆರೆಯ ಅಚ್ಚುಕಟ್ಟಿನ ಗದ್ದೆಗಳ ಮೇಲೆ ಈಗ ಬಡಾವಣೆಗಳು ಹಬ್ಬಿವೆ. ಒಂದು ಪಾರ್ಶ್ವದಲ್ಲಿ ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ, ಇನ್ನೊಂದು ಪಾರ್ಶ್ವದಲ್ಲಿ ಊರು, ಮಧ್ಯದಲ್ಲಿ ಈ ಜಲರಾಶಿ ಮತ್ತು ಅದನ್ನು ಬಳಸಿಕೊಂಡು ಹೋಗುವ ಮಣ್ಣಿನ ಕಾಲುದಾರಿ. ಕುವೆಂಪು ಅವರು ವಿದ್ಯಾರ್ಥಿಯಾಗಿ, ಅಧ್ಯಾಪಕರಾಗಿ, ಅನಂತರ ಕುಲಪತಿಗಳಾಗಿ ನಡೆದಾಡಿದ ದಾರಿಯಿದು. ಮಲೆನಾಡಿನ ಕಾಡಿನಲ್ಲಿ ಬೆಳೆದ ಕವಿಗೆ ಬಯಲುಸೀಮೆಯ ಈ ಊರಿನಲ್ಲಿ ಹಕ್ಕಿಗಳ ಸಾನ್ನಿಧ್ಯವು ಇಷ್ಟು ಹತ್ತಿರದಲ್ಲಿ ದೊರೆತದ್ದು ಕನ್ನಡ ಕಾವ್ಯದ ಭಾಗ್ಯವೆಂದೇ ಹೇಳಬೇಕು. ಬೆಳಗಿನ ಜಾವಕ್ಕೆ ಇಲ್ಲಿ ನೂರಾರು ಜನ ಬರುತ್ತಾರೆ. ವೈದ್ಯರ ಆಜ್ಞೆಗೆ ತಲೆಬಾಗಿ ವೇಗವಾಗಿ ನಡೆಯುವವರು, ಕಲ್ಲುಬೆಂಚಿನ ಮೇಲೆ ಕುಳಿತು ಲೋಕಾಭಿರಾಮ ಮಾತನಾಡುವ ನಿವೃತ್ತರು, ಪರೀಕ್ಷೆಯ ಪುಸ್ತಕ ಹಿಡಿದ ವಿದ್ಯಾರ್ಥಿಗಳು. ಇವರೆಲ್ಲರ ಕಣ್ಣೆದುರಿಗೇ, ಹತ್ತು ಮಾರು ದೂರದ ನೀರಿನಲ್ಲಿ, ಇನ್ನೊಂದು ಜನಪದವು ತನ್ನ ದಿನಚರಿಯನ್ನು ನಡೆಸುತ್ತಿರುತ್ತದೆ.

ಅಲ್ಲಿ ಕಣ್ಣನ್ನು ಮೊದಲು ಸೆಳೆಯುವುವು ಹೆಜ್ಜಾರ್ಲೆಗಳು ಮತ್ತು ಬಣ್ಣದ ಕೊಕ್ಕರೆಗಳು. ದೊಡ್ಡ ದೇಹ, ನಿಧಾನವಾದ ಹಾರಾಟ, ಮರದ ತುದಿಯಲ್ಲಿನ ಗಲಭೆ ಇವುಗಳಿಂದಾಗಿ ಅವುಗಳನ್ನು ನೋಡದೆ ಹೋಗುವುದೇ ಕಷ್ಟ. ಆದರೆ ನನ್ನ ಮನಸ್ಸು ನಿಲ್ಲುವುದು ಗುಳುಮುಳುಕನಲ್ಲಿ. ಮುಷ್ಟಿಗಿಂತ ಸ್ವಲ್ಪವೇ ದೊಡ್ಡದಾದ, ಬಾಲವೇ ಇಲ್ಲವೆನ್ನುವಂತಿರುವ ಈ ಕಂದುಬಣ್ಣದ ಹಕ್ಕಿ ನೋಡುತ್ತಿದ್ದಂತೆಯೇ ಮುಳುಗಿ, ನಾವು ನಿರೀಕ್ಷಿಸದ ಜಾಗದಲ್ಲಿ ಏಳುತ್ತದೆ. ಇದರ ಗೂಡು ನೀರಿನ ಮೇಲೆಯೇ ತೇಲುವ ಪಾಚಿ-ಜೊಂಡುಗಳ ಒಂದು ಗುಪ್ಪೆ. ಕಾವಿಗೆ ಕುಳಿತ ತಾಯಿ ಅಪಾಯದ ಸುಳಿವು ಸಿಕ್ಕಿ ಏಳಬೇಕಾದಾಗ ಕೊಕ್ಕಿನಿಂದ ಅತ್ತಿಂದಿತ್ತ ಕಳೆಯನ್ನೆಳೆದು ಮೊಟ್ಟೆಗಳನ್ನು ಮುಚ್ಚಿ ನೀರಿಗಿಳಿಯುತ್ತದೆ. ಮೇಲೆ ಹಾರುವ ಕಾಗೆಗೆ ಆಗ ಕಾಣುವುದು ಕೊಳೆತ ಸೊಪ್ಪು ಮಾತ್ರ. ಮರಿಗಳಾದ ಮೇಲೆ ಅವು ತಾಯಿತಂದೆಯರ ಬೆನ್ನೇರಿ ರೆಕ್ಕೆಯ ಸಂದಿಯಲ್ಲಿ ಅವಿತು, ಕೇವಲ ಪಟ್ಟೆಪಟ್ಟೆಯ ತಲೆಗಳನ್ನು ಹೊರಗೆ ಚಾಚಿ ಕೆರೆಯ ಸಂಚಾರ ಮಾಡುವುದುಂಟು. ಈ ದೃಶ್ಯಕ್ಕೆ ದುರ್ಬೀನೂ ಬೇಡ, ಪ್ರವೇಶಧನವೂ ಬೇಡ. ಏರಿಯ ತಿರುವಿನಲ್ಲಿ ಸ್ವಲ್ಪ ಹೊತ್ತು ನಿಲ್ಲುವ ತಾಳ್ಮೆಯೊಂದಿದ್ದರೆ ಸಾಕು.

ನಾಮದ ಕೋಳಿಯನ್ನು ಕಂಡವರು ಅದರ ಹಣೆಯ ಬಿಳಿಯ ಪಟ್ಟಿಯನ್ನು ಮರೆಯಲಾರರು. ಜೊಂಡಿನ ಮರೆಯಿಂದ ನೇರಳೆ ಜಂಬುಕೋಳಿ ಬಂದು, ಬಾಲವನ್ನು ಕ್ಷಣಕ್ಷಣಕ್ಕೂ ಎತ್ತಿ ಇಳಿಸುತ್ತ, ಜೊಂಡಿನ ದಂಟನ್ನು ಕಾಲಿನ ಬೆರಳುಗಳಲ್ಲಿ ಹಿಡಿದು ಮೇಲೆತ್ತಿ ಸಿಗಿದು ತಿನ್ನುವುದನ್ನು ನೋಡುತ್ತಿದ್ದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ತಾವರೆಯೆಲೆ ಹಬ್ಬಿದ ಕೆರೆಗಳಲ್ಲಿ ದೇವನಕ್ಕಿಯಿರುತ್ತದೆ. ಅದರಲ್ಲಿ ಮೊಟ್ಟೆಗೆ ಕಾವು ಕೊಟ್ಟು ಮರಿಗಳನ್ನು ಕಾಪಾಡುವ ಭಾರವೆಲ್ಲ ಗಂಡಿನದು, ಹೆಣ್ಣು ಒಂದೇ ಋತುವಿನಲ್ಲಿ ಒಬ್ಬನಾದ ಮೇಲೆ ಇನ್ನೊಬ್ಬನಿಗೆ ಮೊಟ್ಟೆಯಿಟ್ಟುಕೊಟ್ಟು ಮುಂದೆ ಸಾಗುತ್ತದೆ. ಗೀಜಗದಲ್ಲಿ ಒಂದು ರೀತಿ, ದೇವನಕ್ಕಿಯಲ್ಲಿ ಅದಕ್ಕೆ ನೇರ ವಿರುದ್ಧವಾದ ಇನ್ನೊಂದು ರೀತಿ. ಒಂದೇ ನೀರಿನ ಅಂಚಿನಲ್ಲಿ ಇಷ್ಟು ಬಗೆಯ ಸಂಸಾರಗಳು.

ಹಾವಕ್ಕಿಯ ವಿಷಯವನ್ನು ನನಗೆ ಹೇಳಿಕೊಟ್ಟವರು ನಂಜನಗೂಡಿನ ಕಡೆಯ ಹಳ್ಳಿಯೊಂದರ ಕೆರೆಯ ಕೋಡಿಯಲ್ಲಿ ಗಾಳ ಹಾಕಿಕೊಂಡು ಕುಳಿತಿದ್ದ ಒಬ್ಬ ವೃದ್ಧರು. ನೀರಿನ ಮೇಲೆ ಕತ್ತೊಂದೇ ಬಳುಕುತ್ತ ಹೋಗುತ್ತಿದ್ದುದನ್ನು ನಾನು ದುರ್ಬೀನಿನಿಂದ ನೋಡುತ್ತಿದ್ದಾಗ ಅವರು ತಾವಾಗಿಯೇ ಮಾತೆತ್ತಿ, "ಅದು ಮೀನ ಕಚ್ಚಾಕಿಲ್ಲ ಬುದ್ದಿ, ತಿವೀತದೆ. ಒಳಗೇ ತಿವ್ದು, ಮ್ಯಾಲಕ್ ಬಂದು, ಎಸ್ದು ನುಂಗ್ತದೆ. ತಾಳಿ, ಈಗ ಬತ್ತದೆ ನೋಡಿ" ಎಂದರು. ಅವರು ಹೇಳಿದಂತೆಯೇ ಅದು ಎದ್ದಿತು. ಕೊಕ್ಕಿನ ತುದಿಗೆ ಸಿಕ್ಕಿಕೊಂಡಿದ್ದ ಮೀನನ್ನು ಒದರಿ ಮೇಲಕ್ಕೆಸೆದು, ತಲೆಯ ಕಡೆಯಿಂದ ನುಂಗಿತು. ಪಕ್ಷಿಶಾಸ್ತ್ರದ ಗ್ರಂಥಗಳು ಇದನ್ನೇ ಹೇಳುತ್ತವೆ. ಕತ್ತಿನ ನಡುವೆ ಇರುವ ವಿಶೇಷ ಕೀಲಿನಿಂದಾಗಿ ಈ ತಿವಿತವು ಮಿಂಚಿನ ವೇಗದಿಂದ ನಡೆಯುತ್ತದೆಯೆಂದು ವಿವರಿಸುತ್ತವೆ. ಅದರ ಗರಿಗಳು ನೀರನ್ನು ಹೀರಿಕೊಳ್ಳುವುದರಿಂದ ದೇಹವು ಸುಲಭವಾಗಿ ಮುಳುಗುತ್ತದೆ. ಅದೇ ಕಾರಣದಿಂದ ಬೇಟೆ ಮುಗಿದ ಮೇಲೆ ಒಣಮರದ ಕೊಂಬೆಯೇರಿ ರೆಕ್ಕೆಗಳನ್ನು ಬಿಚ್ಚಿ ಬಿಸಿಲಿಗೆ ಹಿಡಿಯಲೇಬೇಕಾಗುತ್ತದೆ. ಆ ವೃದ್ಧರು ಯಾವ ಗ್ರಂಥವನ್ನೂ ಓದಿದವರಲ್ಲ. ಒಂದೇ ಕೋಡಿಯ ಮೇಲೆ ಕುಳಿತು ಜೀವಮಾನವನ್ನು ಕಳೆದವರು. ನಮ್ಮ ಹಳ್ಳಿಗಳಲ್ಲಿ ಹೀಗೆ ಕಂಡು ತಿಳಿದವರು ಎಷ್ಟೋ ಮಂದಿ ಇದ್ದಾರೆ. ಅವರ ಅರಿವು ಬರಹಕ್ಕಿಳಿಯದೆ ಅವರೊಡನೆಯೇ ಹೋಗುತ್ತಿರುವುದು ನನಗೆ ನಿಜವಾಗಿ ನೋವನ್ನುಂಟುಮಾಡುವ ಸಂಗತಿ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತಮ್ಮ ತೋಟದಲ್ಲಿ ಕುಳಿತು ಕನ್ನಡ ನಾಡಿನ ಹಕ್ಕಿಗಳನ್ನು ಕುರಿತು ಬರೆದಾಗ ಕನ್ನಡಕ್ಕಾದ ಲಾಭವು ಎಷ್ಟೆಂಬುದು ಇದರಿಂದಲೇ ತಿಳಿಯುತ್ತದೆ.

ಒಂದೇ ಹಾದಿಯನ್ನು ಬಿಡದೆ ನಡೆಯುವವನಿಗೆ ಪಂಚಾಂಗದ ಅಗತ್ಯ ಕ್ರಮೇಣ ಕಡಿಮೆಯಾಗುತ್ತದೆ. ಚಳಿಗಾಲವೆಲ್ಲ ಮೌನವಾಗಿದ್ದು, ಮರದ ಎಲೆಯ ನಡುವೆ ಹಣ್ಣು ತಿನ್ನುತ್ತ ಯಾರ ಗಮನಕ್ಕೂ ಬಾರದೆ ಇದ್ದ ಕೋಗಿಲೆಯು ಮಾಘ ಕಳೆದು ಫಾಲ್ಗುಣ ಬರುತ್ತಿದ್ದಂತೆ ಕೊರಳು ತೆರೆಯುತ್ತದೆ. ಆದರೆ ಅದರ ಉತ್ಸಾಹವು ವಸಂತಕ್ಕೆ ಮುಗಿಯುವುದಲ್ಲವೆಂಬುದು ಮೊದಲ ಮಳೆಗಳ ನಂತರವೂ ಕಿವಿಗೊಟ್ಟವರಿಗೆ ಗೊತ್ತು. ಕಾಗೆಗಳು ಗೂಡುಕಟ್ಟುವ ಕಾಲವೇ ಕೋಗಿಲೆಗೂ ಮೊಟ್ಟೆಯಿಡುವ ಕಾಲ. ಕಪ್ಪು ಗಂಡು ಕಾಗೆಯ ಗೂಡಿನ ಸಮೀಪಕ್ಕೆ ಹೋಗಿ ಕೂಗಿ ಅವುಗಳ ಕೋಪವನ್ನು ತನ್ನತ್ತ ಸೆಳೆದು ಓಡುವಾಗ, ಚುಕ್ಕೆಚುಕ್ಕೆಯ ಕಂದು ಹೆಣ್ಣು ಆ ಗೂಡಿನಲ್ಲಿ ಮೊಟ್ಟೆಯಿಟ್ಟು ಮರೆಯಾಗುತ್ತದೆ. ಕಾಗೆಯ ಮರಿಗಿಂತ ಕೋಗಿಲೆಯ ಮರಿಯೇ ಮೊದಲು ಮೊಟ್ಟೆಯೊಡೆದು ಬಾಯಿ ತೆರೆಯುತ್ತದೆ. ಕಾಗೆಗಳು ಗಲಾಟೆ ಮಾಡಿಕೊಂಡು ಕರಿಯ ಹಕ್ಕಿಯೊಂದನ್ನು ಅಟ್ಟಿಸಿಕೊಂಡು ಹೋಗುವುದನ್ನು ನಮ್ಮ ಬೀದಿಯಲ್ಲಿ ನೋಡದವರಿಲ್ಲ. ಆ ಹೊತ್ತಿಗೆ ಹಿಂದಿರುಗಿ ಮರದ ಕಡೆಗೆ ಕಣ್ಣು ಹಾಯಿಸಿದವರಿಗೆ ಈ ನಾಟಕದ ಎರಡನೆಯ ಪಾತ್ರವೂ ಕಂಡೀತು.

ರೋಹಿಣಿ-ಆರ್ದ್ರೆಯ ಮಳೆಗಳ ಹೊತ್ತಿಗೆ ಕೊಳದ ಬಕನ ಬೆನ್ನು ಕೆಂಗಂದಾಗುತ್ತದೆ, ಗೋವಕ್ಕಿಯ ತಲೆ-ಕೊರಳುಗಳು ಹೊಂಬಣ್ಣ ತಾಳುತ್ತವೆ, ಬೇಲಿಯ ಮೇಲಿನ ಓತಿಕೇತನ ತಲೆಯೂ ಕುತ್ತಿಗೆಯೂ ಕೆಂಪೇರುತ್ತವೆ. ಶ್ರಾವಣ ಕಳೆದು ಭಾದ್ರಪದ ಬಂದಿತೆಂದರೆ ನಾನು ನೀರಿನಂಚಿನ ಕಲ್ಲುಗಳನ್ನು ಹೆಚ್ಚು ಜಾಗರೂಕತೆಯಿಂದ ನೋಡತೊಡಗುತ್ತೇನೆ. ಏಕೆಂದರೆ ಬಾಲವನ್ನು ಕುಣಿಸುತ್ತ ಓಡಾಡುವ ಬೂದು ಸಿಪಿಲೆಯು ಹಿಮಾಲಯದ ಕಡೆಯಿಂದಲೋ ಅದಕ್ಕೂ ಆಚೆಯಿಂದಲೋ ಬಂದು ಇಳಿಯುವುದು ಆಗಲೇ. ಸ್ವಾತಿಯ ಮಳೆ ಮುಗಿಯುವುದರೊಳಗೆ ಉಳಿದ ಅತಿಥಿಗಳೂ ಬಂದಿರುತ್ತಾರೆ. ಮೈಸೂರಿನಿಂದ ಬಹುದೂರವಲ್ಲದ ಹದಿನಾರು ಕೆರೆಗೆ ಮಂಗೋಲಿಯಾ ದೇಶದಿಂದ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ನೋಡಲು ಜನ ವಾಹನ ಮಾಡಿಕೊಂಡು ಹೋಗುತ್ತಾರೆ, ಹೋಗಬೇಕಾದದ್ದೇ. ಆದರೆ ಅವಕ್ಕಿಂತ ನನಗೆ ಹೆಚ್ಚಿನ ವಿಸ್ಮಯವನ್ನುಂಟುಮಾಡುವುದು ನಮ್ಮ ಮನೆಯ ಹಿಂದಿನ ಹೊಂಗೆಮರದ ಎಲೆಗಳ ನಡುವೆ ಹುಳು ಹುಡುಕುವ, ಹತ್ತು ಗ್ರಾಮಿಗೂ ಕಡಿಮೆ ತೂಕದ, ಗ್ರೀನಿಷ್ ವಾರ್ಬ್ಲರ್ ಎಂದು ಪಕ್ಷಿವೀಕ್ಷಕರು ಕರೆಯುವ ಮಾಸಲು ಹಸಿರಿನ ಹಕ್ಕಿ. ಹಿಮಾಲಯ ಮೊದಲ್ಗೊಂಡು ಸೈಬೀರಿಯಾದವರೆಗಿನ ಕಾಡುಗಳಲ್ಲಿ ಮರಿಮಾಡುವ ಈ ಜಾತಿಯ ಹಕ್ಕಿಗಳು ದಕ್ಷಿಣ ಭಾರತದಲ್ಲಿ ಚಳಿಗಾಲವನ್ನು ಕಳೆಯುವಾಗ ಒಂದೊಂದೂ ತನ್ನದೇ ಆದ ಕೆಲವು ಮರಗಳ ಎಲ್ಲೆಯನ್ನು ಗೊತ್ತುಮಾಡಿಕೊಂಡು, ಅನ್ಯರು ಬಂದರೆ ಗದರಿಸಿ ಅಟ್ಟುತ್ತವೆ. ಅಷ್ಟೇ ಅಲ್ಲ, ಮುಂದಿನ ವರ್ಷವೂ ಆ ಸಾವಿರಾರು ಮೈಲಿಗಳ ದಾರಿಯನ್ನು ಕ್ರಮಿಸಿ ಅದೇ ಮರಗಳಿಗೆ ಮರಳುವುದುಂಟೆಂದು, ಕಾಲಿಗೆ ಉಂಗುರ ತೊಡಿಸಿ ಅಭ್ಯಾಸ ಮಾಡಿದ ವಿಜ್ಞಾನಿಗಳು ಕಂಡಿದ್ದಾರೆ. ಹಾಗಾದಮೇಲೆ ಸ್ಥಳೀಯತೆಯೆಂಬುದು ಮನುಷ್ಯನ ಸ್ವತ್ತು ಮಾತ್ರವಲ್ಲ. ನನ್ನ ನಿತ್ಯದ ಹಾದಿ ಇರುವಂತೆ ಆ ಹಕ್ಕಿಗೂ ಅದರ ನಿತ್ಯದ ಹಾದಿಯಿದೆ, ಮತ್ತು ಹೊಂಗೆಯ ಮರದ ಕೆಳಗೆ ಅವೆರಡೂ ಕೂಡುತ್ತವೆ.

ಈ ಹಕ್ಕಿಯನ್ನು ಕಣ್ಣಿನಿಂದ ಹುಡುಕಿ ಪ್ರಯೋಜನವಿಲ್ಲ. ಅದರ ಎರಡು ಸ್ವರದ ಚಿಕ್ಕ ಕರೆಯನ್ನು ಕಿವಿ ಹಿಡಿದರೆ ಕಣ್ಣು ಅನಂತರ ತಾನಾಗಿ ಅಲ್ಲಿಗೆ ಹೋಗುತ್ತದೆ. ನಡಿಗೆಯಲ್ಲಿ ಕಿವಿಯೇ ಮುಖ್ಯವೆಂದು ನಾನು ನಂಬಿದ್ದೇನೆ. ಅಳಿಲು ಬಾಲವನ್ನು ಝಾಡಿಸುತ್ತ ಒಂದೇ ಸಮನೆ ಚೀರಿದರೆ ಕೆಳಗೆ ಬೆಕ್ಕೋ ಕೇರೆಹಾವೋ ಮುಂಗುಸಿಯೋ ಇದೆಯೆಂದು ತಿಳಿಯಬೇಕು. ಪೊದೆಯ ಕೆಳಗೆ ತರಗೆಲೆ ಕೆದಕುತ್ತಿದ್ದ ಹರಟೆಮಲ್ಲಗಳ ಗುಂಪು ಇದ್ದಕ್ಕಿದ್ದಂತೆ ಮೇಲೆದ್ದು ಕಿರುಚಿದರೆ ಬಿಜ್ಜು ಹಾರಿತೆಂದು ಆಕಾಶವನ್ನು ನೋಡಬೇಕು. ಕಾಜಾಣದ ವಿಷಯದಲ್ಲಿ ಮಾತ್ರ ಎಚ್ಚರಿಕೆ ಅಗತ್ಯ. ಅನ್ಯ ಹಕ್ಕಿಗಳ ಕೂಗನ್ನು ಅನುಕರಿಸುವ ವಿದ್ಯೆ ಅದಕ್ಕೆ ಬರುತ್ತದೆ. ಆದರೆ ಕಾಗೆಯನ್ನಾಗಲಿ ಹದ್ದನ್ನಾಗಲಿ ಲೆಕ್ಕಿಸದೆ ಬೆನ್ನಟ್ಟಿ ಕುಕ್ಕುವ ಅದರ ಧೈರ್ಯವನ್ನು ಬಲ್ಲ ಸಣ್ಣ ಹಕ್ಕಿಗಳು ಅದು ಗೂಡುಕಟ್ಟಿದ ಮರವನ್ನೇ ಅರಸಿಕೊಂಡು ಬಂದು ತಮ್ಮ ಗೂಡನ್ನು ಕಟ್ಟುತ್ತವೆ. ಸಂಜೆ ಕವಿದ ಮೇಲೆ ಹಳೆಯ ಮಾವಿನ ಪೊಟರೆಯಿಂದ ಹಾಲಕ್ಕಿಯ ಜೋಡಿ ಹೊರಬಂದು ಗದ್ದಲವೆಬ್ಬಿಸುತ್ತದೆ. ಬೆಳಗಾಗುವುದಕ್ಕೆ ಮುನ್ನ ಬುಡುಬುಡಿಕೆಯವನು ಬಾಗಿಲಿಗೆ ಬಂದು ಹಾಲಕ್ಕಿ ನುಡಿದ ಶಕುನವನ್ನು ಹೇಳುತ್ತಿದ್ದ ಕಾಲ ಹಿಂದೆ ಸರಿಯಿತು. ಶಕುನವನ್ನು ನಂಬಿ ಅಂಜುತ್ತಿದ್ದವರೂ ಆ ಹಕ್ಕಿಯ ದನಿಯನ್ನು ಗುರುತಿಸಬಲ್ಲವರಾಗಿದ್ದರೆಂಬುದನ್ನು ಮರೆಯಬಾರದು. ಇಂದು ಶಕುನದ ಅಂಜಿಕೆ ಹೋದುದು ಒಳ್ಳೆಯದೇ. ಅದರೊಡನೆ ಪರಿಚಯವೂ ಹೋಗಬೇಕಾಗಿರಲಿಲ್ಲ.

ಕೆರೆಯಿಂದ ಮನೆಗೆ ಮರಳುವ ಬೀದಿಗಳು ನೀರಿನ ಅಂಚಿಗಿಂತ ಬಡವಾದುವೆಂದು ಯಾರೂ ಎಣಿಸಬಾರದು. ರಸ್ತೆಯ ಬದಿಯಲ್ಲಿ ಯಾರೂ ನೆಡದೆ ತಾನಾಗಿ ಹುಟ್ಟಿದ ಗಸಗಸೆ ಹಣ್ಣಿನ ಮರವೊಂದಿದ್ದರೆ ಸಾಕು, ಹಗಲೆಲ್ಲ ಪಿಕಳಾರ, ಕುಟ್ರುಹಕ್ಕಿ, ಗೊರವಂಕ, ಅಳಿಲುಗಳೂ ರಾತ್ರಿ ಬಾವಲಿಗಳೂ ಅಲ್ಲಿ ಸರದಿಯ ಮೇಲೆ ಉಣ್ಣುತ್ತವೆ. ಆ ಗುಂಪಿನಲ್ಲಿ ಹೆಬ್ಬೆರಳಿನಷ್ಟೇ ಗಾತ್ರದ, ಬಣ್ಣವೆಂಬುದನ್ನೇ ಅರಿಯದ ಬದನಿಕೆ ಹಕ್ಕಿಯೂ ಇರುತ್ತದೆ. ಮಾವಿನ ಮರದ ಮೇಲೆ ಬೆಳೆಯುವ ಬದನಿಕೆಯ ಹಣ್ಣು ಇದಕ್ಕೆ ಪ್ರಿಯವಾದ ಆಹಾರ. ಅಂಟಂಟಾದ ಬೀಜವು ಹೊರಬೀಳುವಾಗ ದೇಹಕ್ಕೆ ಅಂಟಿಕೊಳ್ಳುವುದರಿಂದ ಹಕ್ಕಿಯು ಅದನ್ನು ಕೊಂಬೆಗೆ ಒರೆಸುತ್ತದೆ, ಒರೆಸಿದಲ್ಲಿಯೇ ಬೀಜ ಬೇರೂರುತ್ತದೆ. ತೋಟಗಾರನಿಗೆ ಬದನಿಕೆಯು ಶತ್ರು. ಆದರೆ ಹಕ್ಕಿ ಮತ್ತು ಗಿಡ ಪರಸ್ಪರರನ್ನು ಉಳಿಸಿಕೊಂಡುಬಂದ ಈ ಒಪ್ಪಂದವನ್ನು ನಮ್ಮ ಗೇಟಿನ ಬಳಿಯೇ ನಿಂತು ನೋಡಬಹುದೆಂಬುದು ಸಣ್ಣ ಮಾತಲ್ಲ.

ಕುಟ್ರುಹಕ್ಕಿಯ ಪ್ರಸ್ತಾಪ ಬಂದುದರಿಂದ ಇಲ್ಲಿ ಒಂದು ಮಾತನ್ನು ಸ್ವಲ್ಪ ಒತ್ತಿ ಹೇಳಬೇಕು. ಬೇಸಗೆಯ ಹಗಲೆಲ್ಲ ಎಡೆಬಿಡದೆ ಕೂಗುವ ಈ ಹಕ್ಕಿ ಗೂಡುಮಾಡುವುದು ಒಣಗಿ ಮೆದುವಾದ ಕೊಂಬೆಯನ್ನು ಕೊರೆದು. ಅದು ಕೊರೆದು ಬಿಟ್ಟುಹೋದ ಪೊಟರೆಗಳಲ್ಲಿ ಮುಂದೆ ಮಡಿವಾಳ ಹಕ್ಕಿಯಂತಹವು ಬಂದು ನೆಲೆಸುತ್ತವೆ. ಆದುದರಿಂದ ಜೀವಂತ ಮರಕ್ಕೆ ಅಂಟಿಕೊಂಡ ಒಣಕೊಂಬೆಯೊಂದು ಹಕ್ಕಿಗಳ ಲೋಕದಲ್ಲಿ ಬಹು ಬೆಲೆಬಾಳುವ ಆಸ್ತಿ. ನಾವಾದರೋ ಸೌಂದರ್ಯದ ಹೆಸರಿನಲ್ಲಿ ಮೊದಲು ಕಡಿಯುವುದು ಅದನ್ನೇ. ದಾರಿಹೋಕರ ತಲೆಯ ಮೇಲೆ ಬೀಳಬಹುದಾದ ಕೊಂಬೆಯನ್ನು ತೆಗೆಯಲೇಬೇಕು, ಸರಿ. ಉದ್ಯಾನದ ನಡುವಿನ, ಯಾರಿಗೂ ಅಪಾಯವಿಲ್ಲದ ಕೊಂಬೆಯನ್ನೂ ಉಳಿಸಲಾರೆವೇ? ಕೆರೆಗಳ ವಿಷಯದಲ್ಲಿಯೂ ಇದೇ ನಡೆಯುತ್ತಿದೆ. ಜೊಂಡನ್ನು ಕಿತ್ತು, ಪೊದೆಗಳನ್ನು ಸವರಿ, ದಡದ ಉದ್ದಕ್ಕೂ ಕಲ್ಲುಹಾಸಿ, ದೀಪದ ಕಂಬಗಳನ್ನು ನೆಟ್ಟು ಕೆರೆಯನ್ನು ಅಭಿವೃದ್ಧಿಪಡಿಸಿದೆವೆಂದು ಹೇಳುವಾಗ, ಜಂಬುಕೋಳಿಗೆ ಗೂಡಿನ ಜಾಗವೂ, ಹುಂಡುಕೋಳಿಗೆ ಮರೆಯೂ, ಗುಳುಮುಳುಕನ ತೇಲುಗೂಡಿಗೆ ಆಸರೆಯೂ ಒಂದೇ ಏಟಿಗೆ ಹೋದುವೆಂಬುದು ಆ ಕೆರೆಯನ್ನು ನಿತ್ಯ ನೋಡದವರಿಗೆ ಹೇಗೆ ತಿಳಿಯಬೇಕು? ಅಂಚೆಲ್ಲ ಅಚ್ಚುಕಟ್ಟಾದ ಕೆರೆಯು ಹಕ್ಕಿಗಳಿಗೆ ಗೋಡೆ ಮಾತ್ರ ಉಳಿದು ಒಳಗೆ ಕೋಣೆಗಳಿಲ್ಲದ ಮನೆ.

ನಿತ್ಯ ನೋಡುವವರ ಕಣ್ಣಿಗೆ ಈಗ ಹಿಂದಿಗಿಂತ ಹೆಚ್ಚಿನ ಬೆಲೆ ಬಂದಿದೆಯೆಂಬುದು ಸಮಾಧಾನದ ವಿಷಯ. 2014ರಿಂದ 2016ರವರೆಗೆ ಮೈಸೂರಿನ ಹವ್ಯಾಸಿಗಳು ಊರನ್ನು ಚೌಕಗಳಾಗಿ ವಿಂಗಡಿಸಿಕೊಂಡು, ಬೀದಿ, ಉದ್ಯಾನ, ಖಾಲಿ ನಿವೇಶನಗಳನ್ನೆಲ್ಲ ನಡೆದು ಎಲ್ಲಿ ಯಾವ ಹಕ್ಕಿಯಿದೆಯೆಂಬ ನಕಾಶೆಯನ್ನು ಸಿದ್ಧಪಡಿಸಿದರು. ಇಂತಹ ಅಸಂಖ್ಯಾತ ನಡಿಗೆಗಳ ಟಿಪ್ಪಣಿಗಳನ್ನು ದೇಶಾದ್ಯಂತದಿಂದ ಕಲೆಹಾಕಿ 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕ ಪಕ್ಷಿವೀಕ್ಷಕರ ಸುಮಾರು ಮೂರು ಕೋಟಿ ದಾಖಲೆಗಳನ್ನು ಆಧರಿಸಿ 942 ಜಾತಿಗಳ ವಿಚಾರವನ್ನು ಹೇಳಲಾಗಿದೆ. ಕೋಗಿಲೆ, ನವಿಲುಗಳು ಹೆಚ್ಚಿವೆ. ಗುಬ್ಬಚ್ಚಿಯು ದೇಶದ ಒಟ್ಟು ಲೆಕ್ಕದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿದ್ದರೂ ಮಹಾನಗರಗಳ ಒಡಲಿನಿಂದ ಹಿಂದೆ ಸರಿಯುತ್ತಿದೆ. ಇವೆಲ್ಲಕ್ಕಿಂತ ನನ್ನನ್ನು ಕಲಕಿದುದು ನೀಲಕಂಠದ ವಿಷಯ. ನಮ್ಮ ರಾಜ್ಯಪಕ್ಷಿಯೆಂಬ ಗೌರವವನ್ನು ಪಡೆದ, ತಂತಿಯ ಮೇಲೆ ಮಂಕಾಗಿ ಕುಳಿತಿದ್ದು ರೆಕ್ಕೆ ಬಿಚ್ಚಿದೊಡನೆ ನೀಲಿಯ ಎರಡು ಛಾಯೆಗಳನ್ನು ಹರಡುವ ಈ ಹಕ್ಕಿ ದೇಶದಲ್ಲಿ ಗಣನೀಯವಾಗಿ ಕಡಿಮೆಯಾಗುತ್ತಿದೆಯೆಂದು ಆ ವರದಿ ಹೇಳುತ್ತದೆ. ನೀಲಕಂಠಕ್ಕೆ ಬೇಕಾದದ್ದು ಅಭಯಾರಣ್ಯವಲ್ಲ. ಹೊಲ, ಹುಲ್ಲುಬಯಲು, ಮಿಡತೆ-ಜೀರುಂಡೆಗಳು, ಪೊಟರೆಯುಳ್ಳ ಹಳೆಯ ಮರ ಇವು. ಇಂತಹ ಹಕ್ಕಿಯು ಇಲ್ಲವಾಗುವುದು ಒಂದು ದಿನದಲ್ಲಿ ನಡೆಯುವ ಘಟನೆಯಲ್ಲ. ಈ ತಂತಿಯ ಮೇಲೆ ಈ ವರ್ಷ ಕಾಣಲಿಲ್ಲ, ಆ ಗದ್ದೆಯ ಬಳಿ ಹೋದ ವರ್ಷದಿಂದ ಕಾಣುತ್ತಿಲ್ಲ ಎಂಬ ಸಣ್ಣ ಸಣ್ಣ ಅಭಾವಗಳು ಕೂಡಿ ಆಗುವಂಥದು. ಇದ್ದುದನ್ನು ಬಲ್ಲವನಿಗೆ ಮಾತ್ರ ಇಲ್ಲದಿರುವುದು ಕಾಣುತ್ತದೆಯಾದುದರಿಂದ, ದಿನಾಂಕ, ಜಾಗ, ಹೊತ್ತು, ಕಂಡ ಹಕ್ಕಿ ಇಷ್ಟನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡುವ ಅಭ್ಯಾಸವನ್ನು ಪ್ರತಿಯೊಬ್ಬ ವಿಹಾರಿಯೂ ಮಾಡಿಕೊಳ್ಳಲೆಂದು ನಾನು ಹಂಬಲಿಸುತ್ತೇನೆ. ಕ್ಯಾಮೆರಾ ಇದ್ದವರು ತೆಗೆಯಲಿ, ಸಂತೋಷ. ಗೂಡಿನ ಮುಂದಿನ ಎಲೆಗಳನ್ನು ಕತ್ತರಿಸಿಯೋ ಧ್ವನಿಮುದ್ರಿಕೆಯನ್ನು ನುಡಿಸಿ ಹಕ್ಕಿಯನ್ನು ಕರೆದೋ ತೆಗೆದ ಚಿತ್ರವು ಎಷ್ಟೇ ಸುಂದರವಾಗಿದ್ದರೂ ನನಗೆ ಅದನ್ನು ನೋಡಲು ಮನಸ್ಸಾಗುವುದಿಲ್ಲ.

ಊರಿನ ಹೊರಗೆ ಬಡಾವಣೆಗಳಾಗುವೆಡೆ, ಸೈಟುಗಳ ಗಡಿಕಲ್ಲು ನೆಟ್ಟು ಇನ್ನೂ ಮನೆ ಏಳದ ಬಯಲುಗಳಲ್ಲಿ, ಟಿಟ್ಟಿಭದ ಜೋಡಿಗಳು ಇರುತ್ತವೆ. ಸಮುದ್ರವು ತನ್ನ ಮೊಟ್ಟೆಗಳನ್ನು ಒಯ್ದಾಗ ಅದರೊಡನೆಯೇ ಹಟಕ್ಕೆ ನಿಂತ ಪಂಚತಂತ್ರದ ಹಕ್ಕಿಯಿದು. ಇದಕ್ಕೆ ಗೂಡೆಂಬುದೇ ಇಲ್ಲ. ಜಲ್ಲಿಕಲ್ಲಿನ ನಡುವೆ ನೆಲವನ್ನು ಸ್ವಲ್ಪ ತಗ್ಗುಮಾಡಿ, ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆಗಳನ್ನು, ಚೂಪಾದ ತುದಿಗಳು ಒಳಮುಖವಾಗಿರುವಂತೆ ಜೋಡಿಸಿಡುತ್ತದೆ. ಬಿಸಿಲು ಏರಿದಾಗ ಗಂಡುಹೆಣ್ಣುಗಳು ಸರದಿಯ ಮೇಲೆ ನೀರಿರುವೆಡೆಗೆ ಹೋಗಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕುಳಿತು ತಂಪು ಕೊಡುತ್ತವೆ. ನಾಯಿಯೋ ಮನುಷ್ಯನೋ ಸಮೀಪಿಸಿದರೆ ರೆಕ್ಕೆ ಮುರಿದಂತೆ ನಟಿಸುತ್ತ ದೂರಕ್ಕೆ ಸೆಳೆದೊಯ್ಯುತ್ತವೆ. ನಾನು ನಡೆಯುವ ಇನ್ನೊಂದು ಹಾದಿಯಲ್ಲಿ, ಮನೆಯೊಂದರ ಪಾಯಕ್ಕೆ ಸುಣ್ಣದ ಗೆರೆ ಎಳೆದಿದ್ದ ಸೈಟಿನ ಮೂಲೆಯಲ್ಲಿ, ಬೇಸಗೆಯ ಮಳೆ ಬಿದ್ದ ಮೇಲೆ ಒಂದು ಜೋಡಿ ಮೊಟ್ಟೆಯಿಟ್ಟಿತು. ಅಲ್ಲಿನ ಗಾರೆಕೆಲಸದ ಮೇಸ್ತ್ರಿ ಅದನ್ನು ಕಂಡು ಸುತ್ತ ನಾಲ್ಕು ಸೈಜುಗಲ್ಲುಗಳನ್ನಿಟ್ಟು, ಮರಳಿನ ಲಾರಿಯನ್ನು ಇನ್ನೊಂದು ಬದಿಗೆ ತಿರುಗಿಸಿದ. ಏಕೆಂದು ಕೇಳಿದಾಗ, "ಬಾಣಂತಿ ಮನೆ ಸಾರ್, ಎಂಗೆ ಅಗೀಲಿ? ಓನರ್‌ಗೆ ಹೇಳಿವ್ನಿ, ಆ ಮೂಲೆ ಕಡೇಗೆ ಮಾಡ್ಕೊಂಡ್ರಾಯ್ತು ಅಂತ" ಎಂದ. ಕಾವಿಗೆ ಸುಮಾರು ನಾಲ್ಕು ವಾರ ಹಿಡಿಯುತ್ತದೆ. ಅಷ್ಟು ಕಾಲ ಆ ಮೂಲೆಯ ಪಾಯ ನಿಂತಿತ್ತು. ಮರಿಗಳು ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಓಡಾಡಬಲ್ಲವಾದುದರಿಂದ ತಾಯಿತಂದೆಯರು ಅವನ್ನು ಕರೆದುಕೊಂಡು ಹುಲ್ಲಿರುವ ಕಡೆಗೆ ಹೋದುವು. ಈಗ ಆ ಸೈಟಿನಲ್ಲಿ ಮನೆ ಮೇಲೆದ್ದಿದೆ, ಪಕ್ಕದ ಸೈಟಿನಲ್ಲಿಯೂ ಜಲ್ಲಿ ಬಿದ್ದಿದೆ. ಟಿಟ್ಟಿಭಗಳು ರಸ್ತೆಯಾಚೆಯ, ನಾಲೆಯ ದಿಕ್ಕಿನ ಬಯಲಿಗೆ ಸರಿದಿವೆ. ಅಲ್ಲಿಯೂ ಗಡಿಕಲ್ಲುಗಳನ್ನು ನೆಟ್ಟಾಗಿದೆ, ಮೇಸ್ತ್ರಿ ಯಾರೆಂದು ಇನ್ನೂ ಗೊತ್ತಾಗಿಲ್ಲ. ಗೊತ್ತಾದೊಡನೆ ಹೋಗಿ ಮಾತನಾಡಬೇಕೆಂದಿದ್ದೇನೆ.